ಹನ್ನೊಂದು ದಿನದ ಹಾಲು

ಶಹಾಪುರ
ಏಪ್ರಿಲ್ 3, 2025

ಪ್ರೀತಿಯ ರೇಣುಕಕ್ಕನಿಗೆ,

ನಿನ್ನ ಹಬೀಬಾಳ ಸಲಾಮು. ಈದ್ ಮುಗಿದು ಮೂರು ದಿನವಾಯಿತು, ಶೀರ್‌ಖುರ್ಮಾದ ಪಾತ್ರೆ ಇನ್ನೂ ತಿಕ್ಕಿಲ್ಲ, ಅಷ್ಟರಲ್ಲಿ ನಿನಗೆ ಬರೆಯಲು ಕೂತಿದ್ದೇನೆ. ನೀನಿರುವ ಕಾಡಿನಲ್ಲಿ ಫೋನು ಹತ್ತುವುದಿಲ್ಲ. ಹತ್ತಿದರೂ ನಮ್ಮ ಮನೆಯಲ್ಲಿ ಫೋನೆಂದರೆ ಸ್ಪೀಕರ್. ನಾನು ಹಲೋ ಅನ್ನುವುದರೊಳಗೆ ನಾಲ್ಕು ಮಂದಿ ಕಿವಿ ಹಚ್ಚಿರುತ್ತಾರೆ. ಸುರಪುರದಲ್ಲಿ ಏಳು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದು ಮಾತಾಡಿದವರು ನಾವು, ನಮಗೆ ಕಾಗದವೇ ಸರಿ.

ಸುದ್ದಿ ದೊಡ್ಡದು. ಜಲಾಲುದ್ದೀನ ಅಣ್ಣ ಮತ್ತು ರುಕ್ಸಾನಾ ಭಾಬಿ ಈ ಸಲ ಹಜ್‌ಗೆ ಹೊರಟಿದ್ದಾರೆ. ನಮ್ಮಲ್ಲಿ ಹಜ್‌ಗೆ ಹೋಗುವವರು ಬಳಗದವರೆಲ್ಲರ ಎದುರು ನಿಂತು ಮಾಫಿ ಕೇಳಿಯೇ ಹೋಗಬೇಕು, ಯಾರ ಮನಸ್ಸಿನಲ್ಲೂ ಮುಳ್ಳು ಬಿಟ್ಟು ಹೋಗಬಾರದು. ಒಬ್ಬೊಬ್ಬರ ಮನೆಗೆ ತಿರುಗುವ ಬದಲು ಇಡೀ ಖಾನದಾನನ್ನೇ ಶಹಾಪುರಕ್ಕೆ ಕರೆಯೋಣ ಅಂದ ಅಣ್ಣ. ಮೇ ಹನ್ನೊಂದು, ಭಾನುವಾರ. ಪಟ್ಟಿ ಮಾಡಿದರೆ ನೂರಾ ನಲವತ್ತು ಮಂದಿ! ಅವನು ಜಗಳಾಡಿದವರನ್ನು ಮಾತ್ರ ಕರೆದರೂ ಇಷ್ಟೇ ಆಗುತ್ತಿದ್ದರು ಬಿಡು.

ಅದೇ ದಿನ ಇನ್ನೊಂದು ಖುಷಿ. ಅಣ್ಣನ ಮಗ ತೌಫೀಕ್‌ಗೂ ನನ್ನ ಮಗಳು ಅಲ್ಮಾಸಳಿಗೂ ಉಂಗುರ ಹಾಕಿಸಿ ಮಂಗ್ನಿ ಮಾಡುತ್ತಿದ್ದೇವೆ. ಇಬ್ಬರೂ ತೊಟ್ಟಿಲಲ್ಲಿದ್ದಾಗಲೇ ನಮ್ಮಮ್ಮಿ ಜೋಡಿ ಹಾಕಿದ್ದಳಲ್ಲ, ನಿನ್ನೆದುರೇ ಹಾಕಿದ್ದು. ಹುಡುಗ ಯಾದಗಿರಿಯಲ್ಲಿ ಲ್ಯಾಬಿನ ಕೆಲಸದಲ್ಲಿದ್ದಾನೆ, ತಲೆ ತಗ್ಗಿಸಿ ನಡೆಯುವವನು. ನಮ್ಮವಳು ಎರಡು ತಿಂಗಳು ದೊಡ್ಡವಳು, ಅಷ್ಟಕ್ಕೇ ಅವನ ಮೇಲೆ ದರ್ಬಾರು ನಡೆಸುತ್ತಾಳೆ.

ಹೋದ ವರ್ಷ ಬೀದರಿನ ಸಂಬಂಧ ಮುರಿದದ್ದು ನಿನಗೆ ಬರೆದಿದ್ದೆ. ಆಮೇಲೆ ಎರಡು ತಿಂಗಳು ಅಲ್ಮಾಸ ಕೋಣೆ ಬಿಟ್ಟು ಹೊರಗೆ ಬರಲಿಲ್ಲ ಅಕ್ಕ. ನಾನು ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತಾ ಕಿಟಕಿಯತ್ತ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಈಗ ನಗುತ್ತಾಳೆ. ಬೆಳಿಗ್ಗೆ ಎದ್ದು ಹಾಡು ಗುನುಗುತ್ತಾಳೆ. ನನಗೆ ಇನ್ನೇನು ಬೇಕು?

ನೀನೂ ಅಮರಪ್ಪ ಮಾಮನೂ ಎರಡು ದಿನ ಮೊದಲೇ ಬರಬೇಕು. ಶಿಬಿರದ ಮಕ್ಕಳಿಗೆ ಅನ್ನ ಹಾಕಿದ್ದು ಸಾಕು, ನಮಗೂ ಸ್ವಲ್ಪ ಹಾಕು. ಸೊಲ್ಲಾಪುರದಿಂದ ಕುಬ್ರಾಬೇಗಂ ಖಾಲಾ ಬರುತ್ತಾಳೆ, ನಿನ್ನನ್ನು ಕೇಳದೆ ಬಿಡುವುದಿಲ್ಲ.

ನಿನ್ನ ತಂಗಿ
ಹಬೀಬಾ


ಜೋಯಿಡಾ ಶಿಬಿರ
ಏಪ್ರಿಲ್ 12

ತಂಗಿ ಹಬೀಬಾಗ ನಿನ್ನ ರೇಣುಕಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದ ದಿನ ನಲವತ್ತೆರಡು ಹುಡುಗ್ರ ಹೊಸ ಶಿಬಿರ ಬಂದಿತ್ತು. ಒಲಿ ಮುಂದ ನಿಂತ ಓದಿ ಕುಣದ ಬಿಟ್ಟೆ. ಸಾರು ಉಕ್ಕಿ ಒಲಿ ಆರಿತು, ಮ್ಯಾನೇಜರ್ ಬೈದ. ಬೈಲಿ ಬಿಡು. ನಮ್ಮ ಅಲ್ಮಾಸನ ಮಂಗ್ನಿಗಿಂತ ಸಾರು ದೊಡ್ಡದೇನು?

ಇಲ್ಲಿಗೆ ಬರೋ ಪ್ಯಾಟಿ ಹುಡುಗ್ರು ಮೊದಲನೇ ದಿನ ರೊಟ್ಟಿ ನೋಡಿ ಮೂಗು ಮುರೀತಾವ. ಎರಡನೇ ದಿನ ನಿಮ್ಮ ಮಾಮನ ಜೋಡಿ ಹರಗೋಲಿನಾಗ ಹುಟ್ಟು ಹಾಕಿ ಹಸದು ಬಂದು ನಾಕ ನಾಕ ತಿಂತಾವ. ಕೃಷ್ಣಾ ಹೊಳಿಯಾಗ ಮೀನ ಹಿಡದ ಕೈ, ಈಗ ಹುಡುಗ್ರಿಗೆ ಹರಗೋಲು ತಿರುಗಿಸೂದು ಕಲಸತೈತಿ. ತಾನೂ ಮಾಸ್ತರ ಆದೆ ಅಂತ ಮೀಸಿ ತಿರುವತಾರ.

ಹಬೀಬಾ, ಆ ಬ್ಯಾಸಗಿ ನಾ ಸಾಯೂತನಕ ಮರಿಯೂದಿಲ್ಲ. ರುಕ್ಸಾನಾಬಾಯಿ ಬಾಣಂತಿ ಜ್ವರದಾಗ ಕಲಬುರ್ಗಿ ದವಾಖಾನಿ ಸೇರಿದ್ದಳು. ತಿಂಗಳ ತುಂಬದ ತೌಫೀಕ್ ನಿನ್ನ ಮನ್ಯಾಗ. ಡಬ್ಬಿ ಹಾಲು ಕುಡಿಸಿದ್ದೆಲ್ಲಾ ಕಾರತಿತ್ತು. ಮೂರನೇ ದಿನ ಮಧ್ಯಾಹ್ನ ಅಳಾಕೂ ದನಿ ಇರಲಿಲ್ಲ ಕೂಸಿಗೆ. ನಾನ ಅಂದೆನಲ್ಲ, "ಯಾರ ಏನಂತಾರ ಅಂತ ಕುಂತರ ಕೂಸು ಕೈ ಬಿಟ್ಟ ಹೊಕ್ಕೈತಿ, ಎದಿಗೆ ಹಚ್ಚಿಕೊ" ಅಂತ. ನೀ ಬಾಗಲ ಹಾಕು ಅಂದಿ. ನಾ ಬಾಗಲಕ್ಕ ಬೆನ್ನ ಕೊಟ್ಟ ಕುಂತೆ. ಒಂದ ಕಡಿ ಅಲ್ಮಾಸ, ಒಂದ ಕಡಿ ತೌಫೀಕ್. ರುಕ್ಸಾನಾಬಾಯಿ ತಿರುಗಿ ಬರೂತನಕ ಹನ್ನೊಂದ ದಿನ ಹಂಗ ನಡೀತು. ನಿನ್ನ ಕೆಂಪ ಚೌಕಡಿ ಸೀರಿ ಸೆರಗಿನಾಗ ಎರಡೂ ಕೂಸು ಮುಚ್ಚಿಕೊಂಡು ಕುಂತಿರತಿದ್ದಿ.

ಹಡದವಳಿಗೆ ಬ್ಯಾಸರ ಆಕ್ಕೈತಿ, ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ದಿ. ಇಪ್ಪತ್ತೆರಡು ವರ್ಷ ಬಾಯಾಗ ಇಟಗೊಂಡೀನಿ. ಈಗರ ಹೇಳೂಣು. ಒಂದ ಎದಿ ಹಾಲ ಕುಡದ ಕೂಸುಗೋಳು ಒಂದ ಮನಿ ಕಟ್ಟತಾವಂದ್ರ ಇದಕ್ಕಿಂತ ಪುಣ್ಯಾ ಏನೈತಿ? ಈಗ ಕೇಳಿದರ ರುಕ್ಸಾನಾಬಾಯಿನೂ ಖುಷಿ ಪಡತಾಳ. ಅವತ್ತ ಮೈಕ್ ನನ್ನ ಕೈಯಾಗ ಕೊಡು, ನಾನ ಹೇಳತೀನಿ. ನೂರಾ ನಲವತ್ತ ಮಂದಿನೂ ಅಳಿಸೇ ಬಿಡತೀನಿ.

ಆ ಸೀರಿ ಹರದ ಮ್ಯಾಲ ನೀ ನನಗ ಕೊಟ್ಟಿದ್ದಿ, ಪೆಟ್ಟಿಗ್ಯಾಗ ಇಟ್ಟಿದ್ದೆ. ಅದನ್ನ ನಟ್ಟ ನಡುವ ಹಚ್ಚಿ ಕೌದಿ ಹೊಲಿಯಾಕತ್ತೀನಿ. ಗಂಡು ಹೆಣ್ಣು ಅದರ ಮ್ಯಾಲ ಕುಂತು ಉಂಗುರ ಹಾಕ್ಕೋಬೇಕು. ರಜಾ ಬರದ ಕೊಟ್ಟೀನಿ. ಒಂಬತ್ತಕ್ಕ ಹುಬ್ಬಳ್ಳಿ ಬಸ್ ಹತ್ತಿ ಬರತೀವಿ.

ನಿನ್ನ ಅಕ್ಕ
ರೇಣುಕಾ


ಶಹಾಪುರ
ಏಪ್ರಿಲ್ 21

ರೇಣುಕಕ್ಕನಿಗೆ ಸಲಾಮು.

ಕಾಗದ ಮೊನ್ನೆ ಬಂತು. ಇಲ್ಲಿ ಒಂದೇ ಸಮನೆ ಮಂದಿ ಬರುತ್ತಿದ್ದಾರೆ. ಹೈದರಾಬಾದಿನ ಮಕ್ಕಳನ್ನು ನಿನ್ನೆ ವನದುರ್ಗದ ಕೋಟೆಗೆ, ಇವತ್ತು ಶಿರವಾಳದ ಗುಡಿಗಳಿಗೆ ಕರೆದುಕೊಂಡು ಹೋಗಿದ್ದೆ. ಅದಕ್ಕೂ ಮೊದಲು ಅಣ್ಣ ಭಾಬಿಯ ಜೊತೆ ಯಾದಗಿರಿಯಲ್ಲಿ ಹಜ್ ತರಬೇತಿ ಶಿಬಿರ ಇತ್ತು. ಭಾಬಿಗೆ ಒಬ್ಬಳೇ ಕೂರಲು ಸಂಕೋಚ ಅಂತ ನಾನೂ ಎರಡು ದಿನ ಹೋಗಿ ಕೂತಿದ್ದೆ. ಬಿಸಿಲು ವಿಪರೀತ.

ಒಂದು ಮಾತು ಬರೆಯಬೇಕಾಗಿದೆ, ತಪ್ಪು ತಿಳಿಯಬೇಡ. ಹಾಲು ಸಣ್ಣದಾಗಿದೆ, ಅಂದರೆ ಕಾರ್ಯ ಮಾಡುವ ಹಾಲು. ಮಂದಿ ಹೆಚ್ಚಾಗಿದ್ದಾರೆ. ಖಾನದಾನಿನವರಷ್ಟೇ ಇರಲಿ ಎಂದು ಅಣ್ಣ ಅಂದಿದ್ದಾನೆ. ಈ ಬಿಸಿಲಲ್ಲಿ ನೀವು ಅಷ್ಟು ದೂರದಿಂದ ಬಂದು ದಣಿಯುವುದು ಬೇಡ. ಮದುವೆಗೆ ನಾನೇ ಕರೆಸಿಕೊಳ್ಳುತ್ತೇನೆ.

ಆ ಹಳೆಯ ಮಾತು ಈಗ ಯಾಕೆ ಅಕ್ಕ? ಯಾರ ಮುಂದೆಯೂ ಎತ್ತಬೇಡ. ಆಣೆ ಆಣೆಯೇ.

ಮಾಮನಿಗೆ ಸಲಾಮು ಹೇಳು.

ಹಬೀಬಾ


ಜೋಯಿಡಾ ಶಿಬಿರ
ಏಪ್ರಿಲ್ 29

ಹಬೀಬಾ ಟೀಚರ್ ಅವರಿಗೆ ರೇಣುಕಾದೇವಿ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಮುಟ್ಟಿತ್ರಿ. ಓದಿ ತಿಳಕೊಂಡೆ. ಎರಡು ಸಲ ಓದಿದೆ, ನಂಗೇನ ಹೆಚ್ಚ ಕಲಿತ ವಿದ್ಯಾ ಇಲ್ಲ, ಮೊದಲನೇ ಸಲ ತಪ್ಪ ಓದಿರಬೇಕು ಅಂದಕೊಂಡೆ.

ಖಾನದಾನಿನವರಷ್ಟೇ ಅಂದ್ರ ಬರೊಬ್ಬರಿ ಐತ್ರಿ. ನಾವು ಹೊಳಿ ದಂಡಿ ಮಂದಿ, ಮೀನ ಹಿಡಿಯವರು. ಅಡಗಿ ಮಾಡಾಕಿ ನಾನು. ಗೋಡಿ ಒಂದ ಇದ್ದಾಗ ಒಂದ ತಾಟಿನಾಗ ಉಂಡದ್ದು ಬ್ಯಾರೆ. ಈಗ ದೊಡ್ಡ ಮಂದಿ ಕೂಡತಾರ, ನೌಕರಿದಾರರು ಕೂಡತಾರ, ಅಲ್ಲಿ ನಮ್ಮನ್ನ ಯಾರು ಅಂತ ಹೇಳೂದು ನಿಮಗೂ ತ್ರಾಸ ಆಕ್ಕೈತಿ. ನಮಗ ಮೊದಲ ತಿಳೀಬೇಕಿತ್ತು. ಕರದ್ರು ಅಂತ ಹೊಂಟ ನಿಂತದ್ದು ನಮ್ಮ ತಪ್ಪು.

ರಜಾ ತಿರುಗಿ ತಗೊಂಡೀನ್ರಿ. ಆ ವಾರ ಬ್ಯಾರೆ ಶಿಬಿರ ಐತಿ ಅಂತ ಇವರಿಗೆ ಹೇಳೀನಿ.

ಕೌದಿ ಮುಗದೈತಿ. ಹೊಲದದ್ದು ಬಿಚ್ಚಾಕ ಬರೂದಿಲ್ಲ, ಪೋಸ್ಟಿಗೆ ಹಾಕತೀನಿ. ಮಂದ್ಯಾಗ ಹಾಸಾಕ ಚಂದ ಕಾಣಲಿಲ್ಲಂದ್ರ ಬಂದ ಹುಡುಗ್ರ ಮಲಗಾಕ ಹಾಸ್ರಿ. ಆ ಮಾತು ನಾ ಯಾರ ಮುಂದೂ ಆಡೂದಿಲ್ಲ. ಆಣಿ ಹಾಕಿದವರು ಮರತರೂ ಹಾಕಿಸಿಕೊಂಡವರು ಮರಿಯೂದಿಲ್ರಿ.

ಇಂತಿ
ರೇಣುಕಾದೇವಿ ಅಮರಪ್ಪ


ಶಹಾಪುರ
ಮೇ 5

ರೇಣುಕಕ್ಕ,

ನನಗೆ "ರಿ" ಹಚ್ಚಿ ಬರೆದಿದ್ದೀಯ. ಓದಿ ಎದೆ ಉರಿಯಿತು. ಆದರೂ ನೀನು ತಿಳಿದದ್ದು ಪೂರ್ತಿ ಸುಳ್ಳು ಅಂತ ನಾನು ಹೇಳಲಾರೆ. ಕುಬ್ರಾ ಖಾಲಾ ಹಳೆಯ ಕಾಲದವಳು, ಹೊರಗಿನವರು ಯಾಕೆ ಅಂದಳು. ನಾನು ಎದುರು ಮಾತಾಡಲಿಲ್ಲ. ಹಿರಿಯರ ಮಾತು, ನಾನೇನು ಮಾಡಲಿ?

ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಲ್ಮಾಸ ಚೆನ್ನಾಗಿದ್ದಾಳೆ.

ಹಬೀಬಾ


ಶಹಾಪುರ
ಮೇ 14

ರೇಣುಕಕ್ಕ,

ಇದನ್ನು ಒಲೆಯ ಮುಂದೆ ನಿಂತು ಓದಬೇಡ. ಕೆಲಸ ಮುಗಿಸಿ, ಕೂತು ಓದು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನೀನು ಬರುವುದು ಬೇಡ ಅಂದದ್ದು ಅಣ್ಣ ಅಲ್ಲ, ಭಾಬಿ ಅಲ್ಲ, ಕುಬ್ರಾ ಖಾಲಾ ಅಂತೂ ಅಲ್ಲವೇ ಅಲ್ಲ. ನಾನು. ನಿನ್ನ ಕುಲ, ನಿನ್ನ ಕೆಲಸ ಯಾವುದೂ ಕಾರಣವಲ್ಲ. ನಿನ್ನ ಬಾಯಿಂದ ಬರುವ ನಿಜಕ್ಕೆ ಹೆದರಿದೆ. ನೀನು ತಪ್ಪು ತಿಳಿದು ನೊಂದಾಗ "ಸದ್ಯ, ಹೀಗೇ ತಿಳಿಯಲಿ" ಅಂತ ಸುಮ್ಮನಾದೆ. ಅಷ್ಟೇ ಅಲ್ಲ, ನಿನ್ನ ತಪ್ಪು ತಿಳಿವಳಿಕೆಗೆ ಖಾಲಾಳ ಹೆಸರು ಸೇರಿಸಿ ಇನ್ನೊಂದು ಗಂಟು ಹಾಕಿದೆ. ಇದನ್ನು ಬರೆಯುವಾಗ ನನ್ನ ಕೈ ನನಗೇ ಹೊಲಸು ಅನಿಸುತ್ತಿದೆ.

ನಮ್ಮಲ್ಲಿ ಹಾಲಿನ ಸಂಬಂಧ ರಕ್ತದ ಸಂಬಂಧಕ್ಕೆ ಸಮ. ಎಳೆಗೂಸಿಗೆ ಯಾವ ಹೆಂಗಸು ಎದೆಹಾಲು ಕೊಟ್ಟಳೋ ಅವಳು ಅದಕ್ಕೆ ತಾಯಿ. ಅವಳ ಮಕ್ಕಳು ಅದಕ್ಕೆ ಒಡಹುಟ್ಟಿದವರು. ಅವರ ನಡುವೆ ಮದುವೆ ಹರಾಮು. ಮದುವೆಗೆ ಸೋದರಮಾವನ ಮಗ ಆಗುತ್ತಾನೆ, ಆದರೆ ತಾಯಿ ಹಾಲು ಹಂಚಿಕೊಂಡವನು ಆಗುವುದಿಲ್ಲ. ನೀನು ಪುಣ್ಯ ಅಂತ ಬರೆದೆಯಲ್ಲ, ಅದು ನಮ್ಮಲ್ಲಿ ತಮ್ಮನನ್ನೇ ಮದುವೆಯಾದ ಹಾಗೆ.

ನಿನಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಭಾಬಿಯ ಜೊತೆ ಕಲಬುರ್ಗಿಗೆ ಹೊರಡುವಾಗ ಅಮ್ಮಿ ನನ್ನ ಕೈ ಹಿಡಿದು ಹೇಳಿದ್ದಳು, "ಡಬ್ಬಿ ಹಾಲು ಹಾಕು, ಆಕಳ ಹಾಲು ಹಾಕು. ನೀ ಮಾತ್ರ ಕುಡಿಸಬ್ಯಾಡ, ಇವರಿಬ್ಬರ ಜೋಡಿ ಹಾಕೀನಿ." ಮೂರನೇ ದಿನ ಮಧ್ಯಾಹ್ನ ಕೂಸಿನ ದನಿ ನಿಂತಾಗ ನನಗೆ ಆ ಮಾತು ಬೇಡವಾಯಿತು. ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ನಾಚಿಕೆ ಇರುವುದು ಆಮೇಲಿನದಕ್ಕೆ. ಅಮ್ಮಿ ತೀರಿಹೋಗುವವರೆಗೂ ಹೇಳಲಿಲ್ಲ. ಮಕ್ಕಳು ದೊಡ್ಡವರಾಗಿ ಬೇರೆ ಸಂಬಂಧ ನೋಡುವಾಗ, ಇನ್ನು ಹೇಳುವ ಅಗತ್ಯವೇ ಇಲ್ಲ ಅಂದುಕೊಂಡೆ. ಬೀದರಿನವರು ಕೈಬಿಟ್ಟ ಮೇಲೆ ಭಾಬಿಯೇ ಬಂದು "ಅಮ್ಮಿಯ ಮಾತು ನಡೆಸೋಣ" ಅಂದಳು. ಅಲ್ಮಾಸ ಬಾಗಿಲ ಸಂದಿಯಲ್ಲಿ ನಿಂತು ಕೇಳಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು. ನಾನು ಹೂಂ ಅಂದುಬಿಟ್ಟೆ.

ಆಗಲೇ ನನಗೆ ನಾನು ಹೇಳಿಕೊಂಡೆ, ಹಾಗೇನೂ ಆಗಿರಲಿಲ್ಲ ಅಂತ. ಎಷ್ಟು ಚೆನ್ನಾಗಿ ಹೇಳಿಕೊಂಡೆನೆಂದರೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತವಳು ನೀನೆಂಬುದನ್ನೇ ಮರೆತು ನಿನ್ನನ್ನೇ ಕರೆದೆ.

ನಿನ್ನ ಕಾಗದ ಬರುವ ಮೂರು ದಿನ ಮೊದಲು ಯಾದಗಿರಿಯ ಶಿಬಿರದಲ್ಲಿ ಮೌಲಾನಾ ಹೆಂಗಸರಿಗೆ ಹೇಳುತ್ತಿದ್ದರು, ಯಾತ್ರೆಗೆ ಯಾರ ಜೊತೆ ಹೋಗಬಹುದು ಅಂತ. ಗಂಡ, ತಂದೆ, ಮಗ, ಅಣ್ಣತಮ್ಮ, ಆಮೇಲೆ ಹಾಲು ಕುಡಿದ ಮಗ. "ಒಂದು ಗುಟುಕು ಹೊಟ್ಟೆಗೆ ಹೋದರೂ ಮಗನೇ" ಅಂದರು. ಭಾಬಿ ನನ್ನ ಪಕ್ಕದಲ್ಲೇ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. "ಹಬೀಬಾ, ಮಾತು ತಪ್ಪಿತು, ಏನಂದರು?" ಅಂತ ನನ್ನನ್ನೇ ಕೇಳಿದಳು. ನಾನು ಟೀಚರಲ್ಲವೇ, ಸರಿಯಾಗಿ ಬರೆಸಿದೆ. ನನ್ನ ಬಾಯಿಂದಲೇ ಬರೆಸಿದೆ ಅಕ್ಕ.

ಹನ್ನೊಂದನೇ ತಾರೀಖು ಎಲ್ಲರೂ ಬಂದರು. ಕುಬ್ರಾ ಖಾಲಾ ಬಸ್ಸಿನಿಂದ ಇಳಿದವಳೇ, "ರೇಣುಕಾ ಎಲ್ಲಿ? ಆಕಿ ಕೈಯಾಗಿನ ಮೀನಿನ ಸಾರು ತಿನ್ನಾಕ ಸೊಲ್ಲಾಪುರದಿಂದ ಬಂದೀನಿ" ಅಂದಳು. ನಿನಗೆ ರಜೆ ಸಿಗಲಿಲ್ಲ ಅಂದೆ. ಅಷ್ಟೇ ಅಂದಿದ್ದರೆ ಆಗುತ್ತಿತ್ತು. "ಈಗ ಆಕಿಗೆ ನಾವೆಲ್ಲಿ ಬೇಕು" ಅಂತಲೂ ಸೇರಿಸಿದೆ. ಯಾಕೆ ಸೇರಿಸಿದೆನೋ ಆ ಅಲ್ಲಾನೇ ಬಲ್ಲ.

ನಿನ್ನ ಕೌದಿ ಹಿಂದಿನ ದಿನ ಬಂದಿತ್ತು. ನಾನು ಅಲಮಾರಿಯ ಕೆಳಗೆ ತುರುಕಿದ್ದೆ. ಖಾಲಾ ತಲೆದಿಂಬು ಹುಡುಕುತ್ತಾ ಹೋಗಿ ಅದನ್ನು ಎಳೆದು ತಂದು, ಇಷ್ಟು ಚೆಂದದ್ದು ಬಚ್ಚಿಟ್ಟಿದ್ದೀಯಲ್ಲ ಎಂದು ಬೈದು, ವೇದಿಕೆಯ ಮೇಲೆ ಮಕ್ಕಳು ಕೂರುವ ಜಾಗಕ್ಕೆ ತಾನೇ ಹಾಸಿದಳು. ನಟ್ಟ ನಡುವೆ ಆ ಕೆಂಪು ಚೌಕಡಿ.

ಮೊದಲು ಮಾಫಿ, ಆಮೇಲೆ ಮಂಗ್ನಿ, ಆಮೇಲೆ ಊಟ ಎಂದು ಅಣ್ಣ ಹೇಳಿದ್ದ. ಭಾಬಿ ಹೆಂಗಸರ ಸಾಲಿನಲ್ಲಿ ಒಬ್ಬೊಬ್ಬರ ಕೈ ಹಿಡಿದು ಕೇಳುತ್ತಾ ಬಂದಳು. ಎಲ್ಲರೂ "ಅಯ್ಯ, ನಿಂದೇನ ತಪ್ಪದ" ಅಂದು ತಬ್ಬಿಕೊಳ್ಳುತ್ತಿದ್ದರು. ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದಳು. ಅವಳು ಹೇಳಿದ್ದು ನಮ್ಮ ಮಾತಿನಲ್ಲಿ, ನಿನಗೆ ಕನ್ನಡದಲ್ಲಿ ಬರೆಯುತ್ತೇನೆ. "ಹದಿನಾಲ್ಕ ದಿನ ನನ್ನ ಕೂಸು ಜೋಪಾನ ಮಾಡಿದಿ. ನಾ ಬಂದು ನೋಡಿದರ ಅವ ಗುಂಡಗ ಆಗಿದ್ದ. ನನ್ನ ಬಿಟ್ಟೂ ಚಲೋ ಇದ್ದನಲ್ಲ ಅಂತ ನಿನ್ನ ಮ್ಯಾಲ ಹೊಟ್ಟಿಕಿಚ್ಚ ಪಟ್ಟೆ. ಒಂದ ಒಳ್ಳೆ ಮಾತ ಆಡಲಿಲ್ಲ. ಇಪ್ಪತ್ತೆರಡು ವರ್ಷ ಆತು. ಮಾಫ್ ಮಾಡು."

ಅವಳು ನನ್ನನ್ನು ಮಾಫಿ ಕೇಳುತ್ತಿದ್ದಳು, ಅಕ್ಕ. ನನ್ನನ್ನು!

ಅತ್ತ ಯಾರೋ ಅಲ್ಮಾಸಳ ಭುಜ ಹಿಡಿದು ಕೌದಿಯ ಕಡೆ ನಡೆಸುತ್ತಿದ್ದರು. ನಾನು ಭಾಬಿಯನ್ನು ಎಳೆದುಕೊಂಡು ಅಡುಗೆಯವರ ಹಿಂದಿನ ಕೋಣೆಗೆ ಹೋದೆ. ಈರುಳ್ಳಿ ಚೀಲಗಳ ನಡುವೆ ನಿಲ್ಲಿಸಿ ಹೇಳಿದೆ. ಮೂರೇ ಮಾತಿನಲ್ಲಿ ಮುಗಿಯಿತು. ಇಷ್ಟು ವರ್ಷ ಹೊತ್ತದ್ದು ಇಷ್ಟೇ ಇತ್ತಾ ಅನಿಸಿತು.

ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಮೊದಲು ಕೇಳಿದ್ದು ಇದು: "ಕುಡದನಾ? ಹೊಟ್ಟಿ ತುಂಬ ಕುಡದನಾ?" ನಾನು ಹೂಂ ಅಂದೆ. ಅವಳು ಈರುಳ್ಳಿ ಚೀಲದ ಮೇಲೆ ಕೂತು ಅತ್ತಳು. ಆಮೇಲೆ ತಲೆ ಎತ್ತಿ, "ನನ್ನ ಮಗನ ಜೀವ ಉಳಿಸಿದಿ. ಅದನ್ನ ನನ್ನಿಂದ ಕದ್ದಿಟ್ಟಿ. ಈಗ ಅವನನ್ನ ಹರಾಮಿನ ಬಾಗಲಿಗೆ ತಂದು ನಿಲ್ಲಿಸಿದಿ" ಅಂದಳು. ಕಣ್ಣು ಒರೆಸಿಕೊಂಡು ಅಣ್ಣನಿಗೆ ಹೇಳಲು ಎದ್ದು ಹೋದಳು.

ಅಣ್ಣ ವೇದಿಕೆ ಹತ್ತಿದ. ಮೈಕು ಕಿರ್ರೆಂದಿತು. "ಇವತ್ತು ಮಂಗ್ನಿ ಇಲ್ಲ. ತೌಫೀಕ್‌ಗ ನಮ್ಮ ಹಬೀಬಾ ಹಾಲು ಕುಡಿಸ್ಯಾಳ, ಅದು ಇವತ್ತ ಗೊತ್ತಾತು. ಅವನಿಗೆ ಅಕ್ಕ ಸಿಕ್ಕಾಳ. ಯಾರೂ ಉಪವಾಸ ಹೋಗಬ್ಯಾಡ್ರಿ" ಅಂದ. ನೂರಾ ನಲವತ್ತು ಮಂದಿ ತಲೆ ಎತ್ತದೆ ಬಗಾರ ಅನ್ನ, ದಾಲ್ಚಾ ಉಂಡರು. ನಾನು ಬಡಿಸುತ್ತಾ ಹೋದೆ. ಕೆಲವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

ತೌಫೀಕ್ ಕೌದಿ ಮಡಚಿ ಅಲ್ಮಾಸಳ ಕೈಗಿತ್ತು ಹೊರಗೆ ಹೋದ. ಅವಳಿಗೆ ಮನೆಯಲ್ಲಿ ಎಲ್ಲಾ ಹೇಳಿದೆ, ನಿನ್ನ ಎರಡೂ ಕಾಗದ ಅವಳ ಮುಂದಿಟ್ಟೆ. ಅತ್ತಾಳು ಅಂದುಕೊಂಡಿದ್ದೆ. ಓದಿ ಮುಗಿಸಿ, "ಹಾಲು ಕೊಟ್ಟಿ, ಅದಕ್ಕ ನನಗ ಸಿಟ್ಟಿಲ್ಲ. ನನ್ನ ಸಲುವಾಗಿ ಅಂತ ರೇಣುಕಾ ದೊಡ್ಡವ್ವಗ ಬರಬ್ಯಾಡ ಅಂತ ಬರದಿ ಅಲ್ಲ ಅಮ್ಮಿ" ಅಂದಳು. ಮೂರು ದಿನವಾಯಿತು, ನನ್ನ ಜೊತೆ ಮಾತಿಲ್ಲ.

ಹಜ್‌ಗೆ ಹೋಗುವವರು ಅವರು. ಆದರೆ ಮಾಫಿ ಕೇಳಬೇಕಾದವಳು ನಾನು. ರೇಣುಕಕ್ಕ, ನಿನ್ನ ಕಾಲು ಹಿಡಿಯುತ್ತೇನೆ, ನನ್ನನ್ನು ಮಾಫ್ ಮಾಡು. ಬೈದಾದರೂ ಬರೆ. "ರಿ" ಮಾತ್ರ ಹಚ್ಚಬೇಡ.

ಹಬೀಬಾ


ಶಹಾಪುರ
ಮೇ 24
(ಕಾರ್ಡು)

ಅಕ್ಕ, ನಿನ್ನಿಂದ ಉತ್ತರವಿಲ್ಲ. ಬರೆಯದಿರುವ ಹಕ್ಕು ನಿನಗಿದೆ. ಅಣ್ಣ ಭಾಬಿ ಹೊರಟರು. ಯಾದಗಿರಿ ಸ್ಟೇಶನ್ನಿನಲ್ಲಿ ಭಾಬಿ, "ಅಲ್ಲಿ ಹೋಗಿ ನಿನಗ ದುವಾ ಮಾಡತೀನಿ, ಇಲ್ಲಿ ಮಾತಾಡಾಕ ಇನ್ನೂ ಆಗವಲ್ದು" ಅಂದಳು. ಅಲ್ಮಾಸ ಐದು ದಿನದ ಹಿಂದೆ ಬ್ಯಾಗು ಹಿಡಿದು ಹೋದಳು. ಗೆಳತಿಯ ಮನೆಯಲ್ಲಿದ್ದೇನೆ, ಹುಡುಕಬೇಡಿ ಅಂತ ಅಪ್ಪನಿಗೆ ಮಾತ್ರ ಮೆಸೇಜು. ಯಾವ ಗೆಳತಿ, ಯಾವ ಊರು, ಹೇಳಲಿಲ್ಲ. ಫೋನು ಹತ್ತುತ್ತಿಲ್ಲ. ಮೊನ್ನೆ ಮೊನ್ನೆ ತುಂಬಿ ತುಳುಕಿದ ಮನೆ, ಈಗ ಇಬ್ಬರೇ ಇದ್ದೇವೆ. ಯಾರಿಗೆ ಹೇಳಲಿ ಎಂದು ನಿನಗೇ ಬರೆದೆ. ಹಬೀಬಾ.


ಜೋಯಿಡಾ ಶಿಬಿರ
ಜೂನ್ 2

ಹಬೀಬಾ,

ನಿನ್ನ ದೊಡ್ಡ ಕಾಗದ ಬಂದು ಬಾಳ ದಿನ ಆತು. ಓದಿದೆ. ಸಿಟ್ಟ ಬಂದು ಒಲಿಗೆ ಹಾಕಬೇಕು ಅಂತ ಎರಡು ಸಲ ಹ್ವಾದೆ, ಎರಡೂ ಸಲ ತಿರುಗಿ ತಂದೆ. ಉತ್ತರ ಬರಿಯಾಕ ಕೈ ಏಳಲಿಲ್ಲ.

ಹಾಲಿಗೆ ಇಂಥಾ ಕಟ್ಟಳಿ ಐತಿ ಅಂತ ನನಗ ಗೊತ್ತಿರಲಿಲ್ಲ. ನೀ ಒಂದ ಮಾತು "ಹಿಂಗೈತಿ ಅಕ್ಕ, ಬಾಯಿ ಮುಚ್ಚಿಕೊಂಡ ಬಾ" ಅಂತ ಬರದಿದ್ದರ, ನಾ ಬಾಯಿ ಮುಚ್ಚಿಕೊಂಡ ಬಂದು ರೊಟ್ಟಿ ಬಡದು ಹೋಗಿರತಿದ್ದೆ. ಅಲ್ಮಾಸನ ಸಲುವಾಗಿ ಅಂತ ಹೂಂ ಅಂದಿರತಿದ್ದೆ. ಇಬ್ಬರೂ ಕೂಡಿ ಆ ಹುಡುಗ್ರನ್ನ ಹಾಳ ಮಾಡಿರತಿದ್ದೀವಿ.

ಇನ್ನೊಂದ ಹೇಳೂದೈತಿ. ನೀ ಬರಬ್ಯಾಡ ಅಂದಾಗ ನಾ ನಿಮ್ಮ ಮಾಮನ ಮುಂದ ಬಾಯಿಗೆ ಬಂದಂಗ ಆಡಿದೆ. ನಿನ್ನೊಬ್ಬಾಕಿನ್ನ ಅಲ್ಲ, ನಿಮ್ಮ ಮಂದಿನ್ನೆಲ್ಲಾ ಕೂಡಿಸಿ ಆಡಿದೆ. ಏನ ಆಡಿದೆ ಅಂತ ಇಲ್ಲಿ ಬರಿಯಾಕ ಬರೂದಿಲ್ಲ. ಅವರು ತಾಟು ಬಿಟ್ಟ ಎದ್ದರು. "ಹೊಳಿ ನೆರಿ ಬಂದು ಮನಿ ಕೊಚ್ಚಿಕೊಂಡ ಹೋದಾಗ ನಿನ್ನ ಹೊಟ್ಟಿಗೆ ಅನ್ನ ಹಾಕಿದವರು ಯಾರು, ಆ ಹಬೀಬಾನ ಅಲ್ಲೇನು?" ಅಂದರು. ಆವತ್ತಿಂದ ಅವರಿಗೆ ಮುಖಾ ಕೊಟ್ಟ ಮಾತಾಡಿಲ್ಲ ನಾ. ನಿನಗಷ್ಟ ನಾಚಿಕಿ ಅಂತ ತಿಳೀಬ್ಯಾಡ.

ಅಲ್ಮಾಸ ಇಲ್ಲಿ ಅದಾಳ.

ಗಾಬರಿ ಆಗಬ್ಯಾಡ. ಮೇ ಇಪ್ಪತ್ತಕ್ಕ ಸಂಜಿಮುಂದ ಬಂದಳು, ಬಗಲಾಗ ಕೌದಿ ಹಿಡಕೊಂಡು. ಶಿಬಿರದ ಗೇಟಿನಾಗ ನಿಂತು, "ದೊಡ್ಡವ್ವ, ನಮ್ಮಮ್ಮಿ ನಿನ್ನ ಬರಬ್ಯಾಡ ಅಂದಳು, ಅದಕ್ಕ ನಾ ಬಂದೀನಿ" ಅಂದಳು. ಎರಡು ದಿನ ಮಲಗೇ ಇದ್ದಳು, ಆ ಕೌದಿ ಹೊತ್ತಕೊಂಡು. ಮೂರನೇ ದಿನ ಉಂಡಳು. ಈಗ ಹುಡುಗ್ರಿಗೆ ಹಾಡು, ಲೆಕ್ಕ ಹೇಳಿ ಕೊಡತಾಳ. ಹರಗೋಲು ತಿರುಗಿಸಾಕ ಕಲತಾಳ, ನಿಮ್ಮ ಮಾಮನ್ನ ಎರಡು ಸಲ ನೀರಾಗ ಕೆಡವ್ಯಾಳ. ಮೊನ್ನೆ ಗುಡ್ಡ ಹತ್ತಿ ತೌಫೀಕ್‌ಗ ಫೋನ ಮಾಡಿದ್ದಳು. "ತಮ್ಮಾ, ಅಕ್ಕನ ಮಾತು ಕೇಳಬೇಕು ಇನ್ನ" ಅಂತ ಅಂದು ನಕ್ಕಳು. ನಕ್ಕ ಮ್ಯಾಲ ಬಾಳ ಹೊತ್ತ ಕೆಳಗ ಇಳಿದು ಬರಲಿಲ್ಲ. ನಾನೂ ಕರಿಯಾಕ ಹೋಗಲಿಲ್ಲ.

ಮಾಫಿ ಕೇಳೀದಿ. ನಾ ಕೊಟ್ಟೀನಿ ಅಂತನೂ ಬರಿಯೂದಿಲ್ಲ, ಕೊಡೂದಿಲ್ಲ ಅಂತನೂ ಬರಿಯೂದಿಲ್ಲ. ರುಕ್ಸಾನಾಬಾಯಿ ಎಲ್ಲಾರ ಮುಂದ ನಿಂತು, ಕೈ ಹಿಡದು ಕೇಳಿದಳಲ್ಲ? ಹಂಗ ಬಂದು ಕೇಳು. ನಾನೂ ನಿನ್ನ ಕೈ ಹಿಡದು ಕೇಳೂದೈತಿ. ಶಾಲಿ ಸುರು ಆಗ್ಯಾವ ಅಂತ ನೆವ ಹೇಳಬ್ಯಾಡ, ಶನಿವಾರ ಹುಬ್ಬಳ್ಳಿ ಬಸ್ ಹತ್ತು.

ಅಲ್ಮಾಸ ಎದುರಿಗೇ ಕುಂತಾಳ. ಇದನ್ನೆಲ್ಲಾ ಓದಿದಳು. ಅಮ್ಮಿಗೆ ಎರಡು ಸಾಲ ಬರಿ ಅಂದೆ, ಬರಿಲಿಲ್ಲ. ಆದರ ನನ್ನ ಅಕ್ಷರ ಪೋಸ್ಟಮನ್‌ಗ ತಿಳಿಯೂದಿಲ್ಲ ಅಂತ ಹೇಳಿ ಲಕೋಟಿ ಇಸಕೊಂಡು, ನಿನ್ನ ಹೆಸರು, ನಿನ್ನ ವಿಳಾಸ ತಾನ ಬರದಾಳ. ಒಡಿಯೂ ಮುಂದ ನೀ ನೋಡಿರಲಿಕ್ಕಿಲ್ಲ. ಈಗ ತಿರುವಿ ನೋಡು.

ರೇಣುಕಕ್ಕ